ಗೆಟ್‌ಟೆಕ್ಸ್ಟ್: ಹದಿನೈದು ವರ್ಷ ಬಳಸಿದವನ ಮಾತು

ತಿಂಗಳ ಶುಲ್ಕ ಕಟ್ಟಿ ಬಳಸುತ್ತಿದ್ದ ಅನುವಾದ ತಂತ್ರಾಂಶವೊಂದನ್ನು ಬಿಟ್ಟು 2010ರಲ್ಲಿ ತಂತ್ರಾಂಶಗಳ ಪಠ್ಯವನ್ನು ಬೇರೆ ಭಾಷೆಗೆ ತರುವ ಗೆಟ್‌ಟೆಕ್ಸ್ಟ್ ಎಂಬ ಸಲಕರಣೆ ಹಿಡಿದದ್ದು, ಅದು ಉಚಿತವೆಂಬ ಒಂದೇ ಕಾರಣಕ್ಕೆ. ಮಂಡ್ಯದ ಶಾಲೆಯೊಂದರ ಹಳೆಯ ಕಂಪ್ಯೂಟರುಗಳಿಗೆ ಡೆಬಿಯನ್ ಎಂಬ ಉಚಿತ ಕಾರ್ಯಾಚರಣ ವ್ಯವಸ್ಥೆ ಹಾಕಿಕೊಡುವುದು ನನ್ನ ಹವ್ಯಾಸ; ಅದನ್ನು ಕಂಪ್ಯೂಟರಿಗೆ ಹಾಕುವ ಅನುಸ್ಥಾಪಕದ (ಇನ್‌ಸ್ಟಾಲರ್) ಕನ್ನಡ ಪಠ್ಯವನ್ನು ಅಲ್ಲಿನ ಶಿಕ್ಷಕರಿಗೆ ಅರ್ಥವಾಗುವಂತೆ ತಿದ್ದಿ, ನನ್ನದೇ ಒಂದು ಪ್ರತಿ ಇಟ್ಟುಕೊಳ್ಳುತ್ತೇನೆ. ಕಪ್ಪು ಪರದೆಯಲ್ಲಿ ಆದೇಶಗಳನ್ನು ಟೈಪಿಸಬೇಕಾದ ಈ ಸಲಕರಣೆ ಮೊದಮೊದಲು ನನಗೆ ಬೇಸರವನ್ನಷ್ಟೇ ತಂದಿತ್ತು.

2011ರ ಫೆಬ್ರವರಿಯಲ್ಲಿ ‘ಸ್ಕ್ವೀಜ್’ ಎಂಬ ಅಡ್ಡಹೆಸರಿನ ಡೆಬಿಯನ್ 6.0 ಬಿಡುಗಡೆಯಾದಾಗ, ವೈರಸ್ ಪತ್ತೆ ತಂತ್ರಾಂಶ, ಸಮಯವಲಯದ ಮಾಹಿತಿಯಂತಹ ಬೇಗ ಹಳತಾಗುವ ಸರಕನ್ನು ಒದಗಿಸುತ್ತಿದ್ದ ‘ವೊಲಟೈಲ್’ ಸೇವೆಯ ಜಾಗಕ್ಕೆ ‘ಸ್ಕ್ವೀಜ್-ಅಪ್‌ಡೇಟ್ಸ್’ ಬಂದಿತು. ಅದಾದ ಮೇಲೆ ಅನುಸ್ಥಾಪಕದ ಇಂಗ್ಲಿಷ್ ಪಠ್ಯದಲ್ಲಿಯೂ ಆ ಹೆಸರು ಹೋಗಿ ‘ರಿಲೀಸ್ ಅಪ್‌ಡೇಟ್ಸ್’ ಎಂದಾಯಿತು. ಒಂದು ಹೆಸರು ತಾನೇ ಎಂದುಕೊಂಡು, ಬಿಟ್ಟಿದ್ದ ಹಳೆಯ ತಂತ್ರಾಂಶವನ್ನೇ ಮತ್ತೆ ತೆರೆದು, ಹುಡುಕಿ ಬದಲಿಸುವ ಗುಂಡಿ ಒತ್ತಿದೆ. ‘ವೊಲಟೈಲ್‌ನಿಂದ’ ಎಂದಿದ್ದದ್ದು ‘ಬಿಡುಗಡೆಯ ಪರಿಷ್ಕರಣೆಗಳುನಿಂದ’ ಎಂದಾಯಿತು. ಏಕವಚನವಿದ್ದಲ್ಲಿ ಬಹುವಚನ ಬಂದು ಕೂತರೂ ಕ್ರಿಯಾಪದ ಮಾತ್ರ ‘ಒದಗಿಸುತ್ತದೆ’ ಎಂದೇ ಉಳಿಯಿತು. ಹತ್ತನೆಯ ತರಗತಿಯ ಹುಡುಗನೂ ನಗುವಂತಹ ಕನ್ನಡವದು.

ಗೆಟ್‌ಟೆಕ್ಸ್ಟ್ ನನ್ನನ್ನು ಗೆದ್ದದ್ದು ಅಲ್ಲಿ. ಮೂಲ ವಾಕ್ಯ ಬದಲಾದರೆ, ಹೊಸ ಮೂಲವನ್ನು ಹಳೆಯ ಅನುವಾದದೊಂದಿಗೆ ಸೇರಿಸುವ ಅದರ ವಿಲೀನದ ಆದೇಶ ನನ್ನ ಅನುವಾದವನ್ನು ಅಳಿಸುವುದೂ ಇಲ್ಲ, ತಾನಾಗಿ ತಿದ್ದುವುದೂ ಇಲ್ಲ. ನೆತ್ತಿಯ ಮೇಲೆ ‘ಫಝಿ’ (ಅಸ್ಪಷ್ಟ) ಎಂದು ಗುರುತು ಹಾಕಿ, ನೀನೇ ನೋಡಿಕೋ ಎಂದು ಬಿಟ್ಟುಬಿಡುತ್ತದೆ. ‘ಪ್ರೀವಿಯಸ್’ ಆಯ್ಕೆ ಕೊಟ್ಟರೆ ಹಿಂದಿನ ಇಂಗ್ಲಿಷ್ ವಾಕ್ಯವನ್ನೂ ಒಂದು ಹ್ಯಾಶ್ (#), ಒಂದು ನಿಂತಗೆರೆಯ (|) ಗುರುತಿನೊಂದಿಗೆ ಮೇಲೆಯೇ ಬರೆದಿಡುತ್ತದೆ. ಸಂಜೆ ಕುವೆಂಪುನಗರದ ಮನೆಯ ಜಗುಲಿಯಲ್ಲಿ ಕಾಫಿ ಲೋಟ ಪಕ್ಕಕ್ಕಿಟ್ಟುಕೊಂಡು, ಹಳೆಯ ವಾಕ್ಯ, ಹೊಸ ವಾಕ್ಯ, ನನ್ನ ಕನ್ನಡ ಮೂರನ್ನೂ ಒಂದರ ಕೆಳಗೊಂದು ಓದಿ, ವಿಭಕ್ತಿ ಸರಿಪಡಿಸಿ, ಕೊನೆಗೆ ಫಝಿ ಗುರುತನ್ನು ಅಳಿಸುವ ಸುಖವೇ ಬೇರೆ. ಕಾಫಿ ಆರಿಹೋಗುವುದು ಮಾಮೂಲು.

ಆದರೆ ಇದೇ ಗುರುತು ನನ್ನ ಮಾನವನ್ನೂ ಕಳೆದಿದೆ. ಫಝಿ ಉಳಿದ ವಾಕ್ಯವನ್ನು ಅಂತಿಮ ಕಡತಕ್ಕೆ ಗೆಟ್‌ಟೆಕ್ಸ್ಟ್ ಸೇರಿಸುವುದಿಲ್ಲ. ಪರದೆಯ ಮೇಲೆ ಅಲ್ಲಿ ಇಂಗ್ಲಿಷ್ ಕಾಣಿಸುತ್ತದೆ. ಅವಸರದಲ್ಲಿ ನಾನು ಒಂದನ್ನು ಬಿಟ್ಟಿದ್ದೆ. ಶಾಲೆಯ ಮೇಡಂ ಫೋನ್ ಮಾಡಿ, “ಸಾರ್, ನಡುವೆ ಒಂದು ಪುಟ ಇಂಗ್ಲಿಷಿನಲ್ಲಿ ಬಂದಿದೆಯಲ್ಲ, ಕನ್ನಡ ಮುಗಿದುಹೋಯಿತೇ?” ಎಂದರು. ತಪ್ಪು ಅನುವಾದಕ್ಕಿಂತ ಇಂಗ್ಲಿಷ್ ಲೇಸು ಎನ್ನುವುದು ಸಲಕರಣೆಯ ನ್ಯಾಯ. ಆ ಮೇಡಂ ಮುಂದೆ ಕುಳಿತಾಗ ಅದು ನ್ಯಾಯವೆನಿಸುವುದಿಲ್ಲ.

ಈಗ ಮಂಡ್ಯದ ರೈಲು ಹಿಡಿಯುವ ಮುನ್ನ ಎಷ್ಟು ವಾಕ್ಯ ಅನುವಾದವಾಗಿವೆ, ಎಷ್ಟು ಫಝಿ ಉಳಿದಿವೆ ಎಂದು ಎಣಿಸುವ ಅಂಕಿಅಂಶದ ಆದೇಶವನ್ನು ತಪ್ಪದೆ ಓಡಿಸುತ್ತೇನೆ. ಉತ್ತರವಾಗಿ ಬರುವ ಒಂದು ಸಾಲಿನಲ್ಲಿ ಫಝಿ ಎಂಬ ಪದವೇ ಕಾಣದಿದ್ದರೆ ಮಾತ್ರ ಪೆನ್‌ಡ್ರೈವ್ ಕಿಸೆಗೆ ಇಳಿಯುತ್ತದೆ.