ಈವ್ ಆನ್‌ಲೈನ್: ಕಾವಲಿಲ್ಲದ ಜಾಗಕ್ಕೆ ಹೋಗಿ ಬರುವುದು ಲಾಭವೇ?

ಈವ್ ಆನ್‌ಲೈನ್ ಎಂಬ ಬಾಹ್ಯಾಕಾಶ ಹಡಗುಗಳ ಆಟ ಅಂದರೆ ಬಹಳ ಜನ ಕೇಳಿರುವುದು ಅದರ ದೊಡ್ಡ ಯುದ್ಧಗಳ ಸುದ್ದಿ. 2014ರ ಜನವರಿಯಲ್ಲಿ ಬಿ-ಆರ್5ಆರ್‌ಬಿ ಎಂಬ ಕಡೆ ಒಂದೇ ಕಾಳಗದಲ್ಲಿ ಟೈಟನ್ ಎಂಬ 75 ದೈತ್ಯ ಹಡಗುಗಳು ಪುಡಿಯಾದವು, ಅಂಥ ಸುದ್ದಿ. ನನಗೆ ಆ ಯುದ್ಧಗಳ ಗೊಡವೆ ಇಲ್ಲ. ಸಣ್ಣ ಹಡಗಿನಲ್ಲಿ ಒಬ್ಬನೇ ಪೊಲೀಸರಿಲ್ಲದ ಜಾಗಕ್ಕೆ ಹೋಗಬೇಕು, ಹಳೆಯ ಅವಶೇಷ ಕೆದಕಬೇಕು, ಸಿಕ್ಕಿದ್ದನ್ನು ಹೊತ್ತುಕೊಂಡು ಜೀವಂತ ಮನೆಗೆ ಬರಬೇಕು. ಈ ಆಟದಲ್ಲಿ ನಾನು ಮಾಡುವುದು ಇಷ್ಟೇ. ಸಿಂಧನೂರಿನಲ್ಲಿ ಬೀಜ-ಗೊಬ್ಬರದ ಅಂಗಡಿ ಇಟ್ಟುಕೊಂಡಿದ್ದೇನೆ, 2019ರಿಂದ ಆಡುತ್ತಿದ್ದೇನೆ. ಹೊಸಬರು ಮತ್ತೆ ಮತ್ತೆ ಒಂದೇ ಪ್ರಶ್ನೆ ಕೇಳುತ್ತಾರೆ: ಅಷ್ಟು ಅಪಾಯದ ಜಾಗಕ್ಕೆ ಹೋದರೆ ಗಿಟ್ಟುತ್ತಾ? ಗಿಟ್ಟುತ್ತದೆ. ಆದರೆ ಲೆಕ್ಕ ಹಾಕಬೇಕಾದ ಕಡೆ ಹಾಕಬೇಕು.

ಗೊತ್ತಿಲ್ಲದವರಿಗೆ ಸ್ವಲ್ಪ ಹಿನ್ನೆಲೆ. ಐಸ್‌ಲ್ಯಾಂಡಿನ ರೇಕ್ಯಾವಿಕ್‌ನಲ್ಲಿರುವ ಸಿಸಿಪಿ ಎಂಬ ಕಂಪನಿ 2003ರ ಮೇ ತಿಂಗಳಲ್ಲಿ ಈ ಆಟ ಬಿಟ್ಟಿತು. ನಾವು ನೀವು ಆಡುವುದೆಲ್ಲ ಲಂಡನ್‌ನಲ್ಲಿರುವ ಒಂದೇ ಸರ್ವರ್ ಮೇಲೆ. ಆಟದೊಳಗಿನ ಪ್ರತಿಯೊಂದು ನಕ್ಷತ್ರ ವ್ಯವಸ್ಥೆಗೂ ಒಂದು ಭದ್ರತೆಯ ಅಂಕ ಇದೆ. 0.5 ಅಥವಾ ಅದಕ್ಕಿಂತ ಮೇಲಿದ್ದರೆ ಕಾಂಕಾರ್ಡ್ ಎಂಬ ಪೊಲೀಸ್ ಪಡೆ ಇರುತ್ತದೆ. ಅದು ನಿಮ್ಮನ್ನು ಕಾಯುವುದಿಲ್ಲ, ನಿಮ್ಮನ್ನು ಹೊಡೆದವನನ್ನು ಆಮೇಲೆ ಮುಗಿಸುತ್ತದೆ, ಅಷ್ಟೇ. 0.4ರಿಂದ 0.1ರವರೆಗೆ ಲೋಸೆಕ್, ಅಲ್ಲಿ ಪೊಲೀಸರಿಲ್ಲ, ಒಂದು ವ್ಯವಸ್ಥೆಯಿಂದ ಇನ್ನೊಂದಕ್ಕೆ ದಾಟುವ ಗೇಟಿನ ಹತ್ತಿರ ತೋಪುಗಳು ಮಾತ್ರ ಇರುತ್ತವೆ. 0.0 ಮತ್ತು ಅದರ ಕೆಳಗೆ ಏನೂ ಇಲ್ಲ. ಅದಕ್ಕೆ ನಲ್‌ಸೆಕ್ ಅನ್ನುತ್ತಾರೆ. ಅಲ್ಲಿ ಆಟಗಾರರ ಗುಂಪುಗಳದ್ದೇ ರಾಜ್ಯ.

ಇವೆಲ್ಲಕ್ಕಿಂತ ಬೇರೆ ವರ್ಮ್‌ಹೋಲ್. 2009ರ ಮಾರ್ಚ್‌ನಲ್ಲಿ ಸುಮಾರು 2,500 ಹೊಸ ವ್ಯವಸ್ಥೆಗಳನ್ನು ಆಟಕ್ಕೆ ಸೇರಿಸಿದರು. ಅವುಗಳಿಗೆ ಗೇಟ್ ಇಲ್ಲ. ಒಳಗೆ ಹೋಗುವ ಬಾಗಿಲುಗಳು ತಾವಾಗಿಯೇ ಹುಟ್ಟಿ ತಾವಾಗಿಯೇ ಸಾಯುತ್ತವೆ, ಹೆಚ್ಚಿನವು ಒಂದು ದಿನದೊಳಗೆ. ಇಷ್ಟು ತೂಕದ ಹಡಗುಗಳು ದಾಟಿದರೆ ಮುಚ್ಚಿತು ಎಂಬ ಲೆಕ್ಕವೂ ಉಂಟು. ನೀವು ಬಂದ ಬಾಗಿಲು ಹಿಂದೆಯೇ ಮುಚ್ಚಿಹೋದರೆ ಬೇರೆ ಬಾಗಿಲು ನೀವೇ ಹುಡುಕಿಕೊಳ್ಳಬೇಕು. ಇನ್ನೂ ದೊಡ್ಡ ವ್ಯತ್ಯಾಸ ಒಂದಿದೆ. ಬೇರೆ ಎಲ್ಲ ಕಡೆ ಆ ವ್ಯವಸ್ಥೆಯಲ್ಲಿ ಯಾರ‍್ಯಾರು ಇದ್ದಾರೆ ಅಂತ ಲೋಕಲ್ ಪಟ್ಟಿಯಲ್ಲಿ ಹೆಸರು ಕಾಣುತ್ತದೆ. ವರ್ಮ್‌ಹೋಲ್‌ನಲ್ಲಿ ಅವರಾಗಿಯೇ ಮಾತಾಡುವವರೆಗೂ ಯಾರೂ ಕಾಣುವುದಿಲ್ಲ.

ನಾನು ಸೇರಿದ ವರ್ಷವೇ, ಜುಲೈಯಿಂದ ಸೆಪ್ಟೆಂಬರ್‌ವರೆಗೆ, ಕಂಪನಿಯವರು ನಲ್‌ಸೆಕ್‌ನಲ್ಲೂ ಈ ಪಟ್ಟಿಯನ್ನು ತೆಗೆದುಹಾಕಿದ್ದರು. ಬ್ಲ್ಯಾಕೌಟ್ ಅಂತ ಅದಕ್ಕೆ ಹೆಸರಾಯಿತು. ಬಹಳ ಹಳಬರು ಸಿಟ್ಟಾದರು. ನನಗೆ ಮಾತ್ರ ಅದು ಒಳ್ಳೆಯ ಶಾಲೆ ಆಯಿತು. ಲೋಕಲ್ ನಂಬುವ ಅಭ್ಯಾಸ ಬೆಳೆಯುವ ಮೊದಲೇ ಸುತ್ತ ಯಾವ ಹಡಗಿದೆ ಅಂತ ತೋರಿಸುವ ಡಿ-ಸ್ಕ್ಯಾನ್ ಒತ್ತುವ ಅಭ್ಯಾಸ ಬಂತು.

ಕೆಲಸ ಹೇಗಿರುತ್ತದೆ ಅಂತ ಸ್ವಲ್ಪ ಹತ್ತಿರದಿಂದ ಹೇಳುತ್ತೇನೆ. ಹೊಸ ವ್ಯವಸ್ಥೆಗೆ ಕಾಲಿಟ್ಟ ಕೂಡಲೇ ಅಡಗಿದ ಜಾಗ ಹುಡುಕುವ ಎಂಟು ಪ್ರೋಬ್ ಬಿಟ್ಟು, ಹಡಗಿಗೆ ಕ್ಲೋಕ್ ಹಾಕಿ ಮರೆಯಾಗುತ್ತೇನೆ. ನಕ್ಷೆಯಲ್ಲಿ ಪ್ರೋಬ್‌ಗಳನ್ನು ಸರಿಸುತ್ತಾ, ಅವುಗಳ ವ್ಯಾಪ್ತಿ ಕಿರಿದು ಮಾಡುತ್ತಾ ಹೋದರೆ ಸಿಗ್ನಲ್ ನೂರಕ್ಕೆ ನೂರು ಆಗುತ್ತದೆ. ಆಗ ಜಾಗದ ಹೆಸರು ಕಾಣುತ್ತದೆ. ವರ್ಮ್‌ಹೋಲ್‌ನಲ್ಲಿ ಈ ಹೆಸರು ಓದದೆ ಇಳಿಯಲೇಬಾರದು. ಗುರಿಸ್ತಾಸ್, ಸಾನ್ಶಾ ಅಂತ ಕಡಲ್ಗಳ್ಳರ ಗುಂಪಿನ ಹೆಸರಿದ್ದರೆ ಅಲ್ಲಿ ಕಾವಲು ಹಡಗು ಇರುವುದಿಲ್ಲ. ಫರ್ಗಾಟನ್, ಅನ್‌ಸೆಕ್ಯೂರ್ಡ್ ಅಂತ ಶುರುವಾದರೆ ಸ್ಲೀಪರ್ ಎಂಬ, ಆಟವೇ ನಡೆಸುವ ಕಾವಲು ಹಡಗುಗಳು ಇರುತ್ತವೆ, ಸಣ್ಣ ಹಡಗು ಅವುಗಳ ಮುಂದೆ ನಿಲ್ಲುವುದಿಲ್ಲ.

ಜಾಗ ಸರಿಯಿದ್ದರೆ ದೂರದಲ್ಲೇ ನಿಂತು ಸ್ವಲ್ಪ ಹೊತ್ತು ಸುಮ್ನೆ ನೋಡುತ್ತೇನೆ. ಆಮೇಲೆ ಕ್ಲೋಕ್ ತೆಗೆದು, ಯಾವ ಪೆಟ್ಟಿಗೆಯಲ್ಲಿ ಏನಿದೆ ಅಂತ ಕಾರ್ಗೋ ಸ್ಕ್ಯಾನರ್ ಹಾಕುತ್ತೇನೆ. ಬರೀ ಕಸ ಇದ್ದರೆ ಆ ಪೆಟ್ಟಿಗೆಯನ್ನು ಮುಟ್ಟುವುದಿಲ್ಲ, ಅಲ್ಲಿ ನಿಂತಷ್ಟು ಹೊತ್ತೂ ಅಪಾಯವೇ. ಒಳ್ಳೆಯದಿದ್ದರೆ ಹ್ಯಾಕಿಂಗ್, ಅಂದರೆ ಪೆಟ್ಟಿಗೆ ತೆರೆಯಲು ಮನೆಗಳ ಒಂದು ಒಗಟು ಬಿಡಿಸುವುದು. ಒಂದು ಮನೆ ತೆರೆದರೆ ಅಂಕಿ ಬರುತ್ತದೆ, ಬೇಕಾದ್ದು ಇನ್ನೆಷ್ಟು ಮನೆ ದೂರ ಅಂತ ಅದು ಹೇಳುತ್ತದೆ. ದಾರಿಯಲ್ಲಿ ಫೈರ್‌ವಾಲ್, ಆಂಟಿವೈರಸ್ ಅಡ್ಡ ಬರುತ್ತವೆ. ಎರಡು ಸಲ ಸೋತರೆ ಪೆಟ್ಟಿಗೆಯೇ ಒಡೆದುಹೋಗುತ್ತದೆ. ಒಂದು ಕೈ ಈ ಆಟದಲ್ಲಿದ್ದರೆ ಇನ್ನೊಂದು ಕೈಬೆರಳು ಸದಾ ವಿ ಕೀಲಿಯ ಮೇಲಿರಬೇಕು. ಅದೇ ಡಿ-ಸ್ಕ್ಯಾನ್. 14.3 ಎಯು (ಒಂದು ಎಯು ಅಂದರೆ ಭೂಮಿಯಿಂದ ಸೂರ್ಯನಿಗಿರುವಷ್ಟು ದೂರ) ದೂರದೊಳಗೆ ಇರುವ ಹಡಗು, ಪ್ರೋಬ್ ಎಲ್ಲ ತೋರಿಸುತ್ತದೆ. ಮೊದಲು ಇಲ್ಲದಿದ್ದ ಪ್ರೋಬ್ ಪಟ್ಟಿಯಲ್ಲಿ ಬಂದರೆ ನಾನು ಪೆಟ್ಟಿಗೆಯನ್ನು ಅರ್ಧಕ್ಕೇ ಬಿಟ್ಟು ಹೊರಡುತ್ತೇನೆ. ಒಳಗೆ ಎಷ್ಟೇ ಬೆಲೆಬಾಳುವುದಿರಲಿ.

ಕ್ಲೋಕ್ ಹಾಕಿರುವ ಹಡಗು ಮಾತ್ರ ಡಿ-ಸ್ಕ್ಯಾನ್‌ಗೂ ಕಾಣುವುದಿಲ್ಲ. ಒಮ್ಮೆ ಆಸ್ಟೆರೋ ಎಂಬ ನನ್ನ ಹಡಗು ಹೋಗಿದ್ದು ಹಾಗೆಯೇ. ಬೇಟೆಗಾರ ಅದೇ ಜಾಗದಲ್ಲಿ ನನಗಿಂತ ಮೊದಲೇ ಬಂದು ಮರೆಯಾಗಿ ಕೂತಿದ್ದ. ನಾನು ಮೂರನೇ ಪೆಟ್ಟಿಗೆಗೆ ಕೈ ಹಾಕುವವರೆಗೂ ಸುಮ್ಮನಿದ್ದ, ಯಾಕೆಂದರೆ ಅಷ್ಟರಲ್ಲಿ ನನ್ನ ಹೊಟ್ಟೆ ತುಂಬಿರುತ್ತದೆ ಅಂತ ಅವನಿಗೆ ಗೊತ್ತು. ಹೊಡೆದ ಮೇಲೆ ಲೋಕಲ್‌ನಲ್ಲಿ "ಗುಡ್ ಫೈಟ್" ಅಂತ ಬರೆದ. ಎಷ್ಟು ಹೊತ್ತು ಕಾದೆ ಅಂತ ಕೇಳಿದೆ, ಒಂದು ಗಂಟೆಯ ಮೇಲೆ ಅಂದ. ಅವನೂ ದುಡಿದೇ ತಿಂದಿದ್ದ. ನನಗೆ ಸಿಟ್ಟು ಬರಲಿಲ್ಲ.

ಈಗ ಲೆಕ್ಕಕ್ಕೆ ಬರೋಣ. ಹೊಸಬರು ಎಲ್ಲರೂ ಹೊರಡುವಾಗ ಹಡಗಿನ ಬೆಲೆ ನೋಡುತ್ತಾರೆ. ಹೆರನ್, ಇಮಿಕಸ್, ಮ್ಯಾಗ್ನೇಟ್, ಪ್ರೋಬ್ ಅಂತ ನಾಲ್ಕು ಅಗ್ಗದ ಹಡಗುಗಳಿವೆ. ಇವುಗಳಲ್ಲಿ ಯಾವುದನ್ನು ತೆಗೆದುಕೊಂಡರೂ ನಲ್‌ಸೆಕ್‌ನ ಒಂದು ಒಳ್ಳೆಯ ರೆಲಿಕ್ (ಹಳೆಯ ಅವಶೇಷದ) ಜಾಗದಲ್ಲಿ ಅಸಲು ಹಲವು ಪಟ್ಟು ವಾಪಸ್ ಬರುತ್ತದೆ. ಖಾಲಿ ಹಡಗು ಹೋದರೆ ಹೋಯಿತು, ಅದರಲ್ಲಿ ಏನಿದೆ? ನಿಜವಾದ ಅಪಾಯ ವಾಪಸ್ ಬರುವ ದಾರಿಯದ್ದು. ಹೊಟ್ಟೆಯಲ್ಲಿ ಹತ್ತು ಕೋಟಿ ಇಸ್ಕ್ (ಆಟದೊಳಗಿನ ದುಡ್ಡು) ಬೆಲೆಯ ಸರಕು ಇದ್ದಾಗ ಅದೇ ಅಗ್ಗದ ಹೆರನ್ ಹತ್ತು ಕೋಟಿಯ ಹಡಗಾಗಿರುತ್ತದೆ. ಗಟ್ಟಿತನ ಮಾತ್ರ ಮೊದಲಿನಷ್ಟೇ. ವಿಮೆ ಕೊಡುವುದು ಬರೀ ಹಡಗಿನ ಒಡಲಿಗೆ, ಸರಕಿಗೆ ಬಿಡಿಗಾಸೂ ಇಲ್ಲ. ಹಡಗು ಹೋದ ಮೇಲೆ ಉಳಿಯುವ ಗೂಡಾದ ಪಾಡ್ ಕೂಡ ಒಡೆದರೆ ತಲೆಯೊಳಗೆ ಹಾಕಿಸಿಕೊಂಡ ಇಂಪ್ಲಾಂಟ್‌ಗಳೂ ಹೋದಂತೆಯೇ. ಹಾಗಾಗಿ ಎಷ್ಟು ತುಂಬಿದ ಮೇಲೆ ತಿರುಗಬೇಕು ಅನ್ನುವುದನ್ನು ಹೊರಡುವ ಮೊದಲೇ ತೀರ್ಮಾನಿಸಿರುತ್ತೇನೆ. ಆ ಅಂಕಿ ಮುಟ್ಟಿದರೆ ಪಕ್ಕದಲ್ಲಿ ಇನ್ನೆರಡು ಜಾಗ ಕಾಣುತ್ತಿದ್ದರೂ ಮನೆ ಕಡೆ.

ನಮ್ಮ ಅಂಗಡಿಗೆ ಬರುವವರಲ್ಲಿ ತುಂಗಭದ್ರಾ ಎಡದಂಡೆ ಕಾಲುವೆಯ ಕೊನೆ ಭಾಗದ ರೈತರೂ ಇದ್ದಾರೆ. ಮೇಲ್ಭಾಗದವರಿಗೆ ನೀರು ಗ್ಯಾರಂಟಿ, ಇವರಿಗೆ ಬಂದರೆ ಬಂತು. ಅವರಲ್ಲಿ ತಿಳಿದವರು ಭತ್ತ ಹಾಕುವುದನ್ನು ಬಿಡುವುದಿಲ್ಲ. ನೀರು ಕೈಕೊಟ್ಟರೂ ಮನೆ ನಡೆಯುವಷ್ಟು ಹೊಲಕ್ಕೆ ಜೋಳವನ್ನೋ ಕಡಲೆಯನ್ನೋ ಹಾಕಿ, ಉಳಿದಷ್ಟರಲ್ಲಿ ಭತ್ತ ಹಾಕುತ್ತಾರೆ. ನಲ್‌ಸೆಕ್‌ಗೆ ಹೋಗುವವನೂ ಹಾಗೇ ಇರಬೇಕು. ಕೈಯಲ್ಲಿರುವ ಇಸ್ಕ್ ಎಲ್ಲ ಒಂದೇ ಚೆಂದದ ಹಡಗಿಗೆ ಸುರಿದು ಹೋದವನು ಮೊದಲ ನಷ್ಟಕ್ಕೇ ಆಟ ಬಿಡುತ್ತಾನೆ. ಅಂಥವರನ್ನು ಬಹಳ ನೋಡಿದ್ದೇನೆ, ಬೇಜಾರಾಗುತ್ತದೆ.

ಅಪಾಯ ಕಡಿಮೆ ಮಾಡಬೇಕು ಅಂತ ಕೆಲವರು ಕಂಪನಿಗೆ ಬರೆಯುತ್ತಲೇ ಇರುತ್ತಾರೆ. ನಾನು ಒಪ್ಪುವುದಿಲ್ಲ. ರೆಲಿಕ್ ಜಾಗದಲ್ಲಿ ಸಿಗುವ ಒಳ್ಳೆಯ ಸರಕು ಟೆಕ್-2 ರಿಗ್, ಅಂದರೆ ಹಡಗಿನ ಬಲ ಹೆಚ್ಚಿಸುವ ಮೇಲ್ದರ್ಜೆಯ ಜೋಡಣೆ, ಮಾಡಲು ಬೇಕು. ಒಮ್ಮೆ ಹಾಕಿದ ರಿಗ್ ಮತ್ತೆ ಕೈಗೆ ಬರುವುದಿಲ್ಲ, ಹಡಗು ಒಡೆದರೆ ಅದೂ ಹೋಯಿತು. ಹಡಗುಗಳು ಒಡೆಯುತ್ತಲೇ ಇರುವುದರಿಂದ ರಿಗ್‌ಗೆ ಬೇಡಿಕೆ ಇದೆ, ಅದರಿಂದ ನನ್ನ ಸರಕಿಗೆ ಬೆಲೆ ಇದೆ. ನನ್ನನ್ನು ಹೊಡೆಯುವವನೇ ಸುತ್ತುಬಳಸಿ ನನ್ನ ಗಿರಾಕಿ. ಅಪಾಯ ತೆಗೆದರೆ ಎಲ್ಲರೂ ಹೋಗಿ ತರುತ್ತಾರೆ, ಜಿಟಾ ಮಾರುಕಟ್ಟೆಯಲ್ಲಿ ಅದು ಮಣ್ಣಿನ ಬೆಲೆಗೆ ಬೀಳುತ್ತದೆ. ಹೊಡೆದವನಿಗೂ ಪೂರ್ತಿ ಸಿಗುವುದಿಲ್ಲ. ಸರಕಿನಲ್ಲಿ ಹೆಚ್ಚೂಕಮ್ಮಿ ಅರ್ಧ ಸುಟ್ಟುಹೋಗುತ್ತದೆ. ಈ ವ್ಯವಸ್ಥೆ ನನಗೆ ಬಹಳ ಇಷ್ಟ. ಇಷ್ಟು ನೇರವಾಗಿ ಅಪಾಯಕ್ಕೂ ಬೆಲೆಗೂ ಗಂಟು ಹಾಕಿದ ಇನ್ನೊಂದು ಆಟ ನಾನು ಆಡಿಲ್ಲ.

ನಮ್ಮ ಕಡೆಯವರಿಗೆ ಗಡಿಯಾರವೂ ಕೂಡಿಬರುತ್ತದೆ. ಆಟ ನಡೆಯುವುದು ಯುಟಿಸಿ ಸಮಯದಲ್ಲಿ. ದಿನಾ 11:00ಕ್ಕೆ, ಅಂದರೆ ನಮಗೆ ಸಂಜೆ 4:30ಕ್ಕೆ, ಸರ್ವರ್ ಸ್ವಲ್ಪ ಹೊತ್ತು ಬಂದ್ ಆಗಿ ಮತ್ತೆ ಶುರುವಾಗುತ್ತದೆ. ಅದರ ಹಿಂದಿನ ಒಂದೆರಡು ಗಂಟೆ ಇಡೀ ಆಟದಲ್ಲೇ ಜನ ಕಡಿಮೆ. ಅಮೆರಿಕದವರು ಮಲಗಿರುತ್ತಾರೆ, ಯುರೋಪಿನವರು ಕೆಲಸದಲ್ಲಿರುತ್ತಾರೆ. ಬೇಸಿಗೆಯಲ್ಲಿ ನಮ್ಮೂರಲ್ಲಿ ಮಧ್ಯಾಹ್ನ 40 ಡಿಗ್ರಿ ದಾಟಿದರೆ ಗಿರಾಕಿಗಳೇ ಇರುವುದಿಲ್ಲ, ಶಟರ್ ಅರ್ಧ ಎಳೆದು ಕೂಲರ್ ಮುಂದೆ ಕೂರುತ್ತೇನೆ. ನನ್ನ ಒಳ್ಳೆಯ ಸುತ್ತುಗಳೆಲ್ಲ ಆ ಹೊತ್ತಿನವು. ಅದೇ ದಾರಿಯಲ್ಲಿ ರಾತ್ರಿ ಹನ್ನೆರಡರ ಮೇಲೆ ಹೋದರೆ ಗೇಟಿಗೊಂದು ಗುಂಪು ನಿಂತಿರುತ್ತದೆ. ಒಂದು ಮಾತು ನೆನಪಿಡಿ: ಬಂದ್ ಆಗಿ ಬಂದ ಮೇಲೆ ಸಿಗ್ನೇಚರ್‌ಗಳ (ಪ್ರೋಬ್‌ಗೆ ಸಿಗುವ ಜಾಗಗಳ) ಗುರುತಿನ ಅಕ್ಷರಗಳೆಲ್ಲ ಬದಲಾಗಿರುತ್ತವೆ, ಹಿಂದೆ ಬರೆದಿಟ್ಟ ಚೀಟಿ ನಂಬಬೇಡಿ.

ರಾತ್ರಿ ಹೋಗಲೇಬೇಕಿದ್ದರೆ ಜೊತೆಗೊಬ್ಬರು ಇರಲಿ. ಕೊಪ್ಪಳದ ಒಬ್ಬ ಹುಡುಗ ನನ್ನ ಜೊತೆ ಬರುತ್ತಾನೆ, ಒಂದು ಗೇಟ್ ಮುಂದೆ ಹೋಗಿ ನೋಡಿ ಹೇಳುತ್ತಾನೆ.

"ಅಣ್ಣಾ, ಬರಬ್ಯಾಡ್ರಿ, ಗೇಟ್ ಮ್ಯಾಲೆ ಬಬಲ್ ಹಾಕ್ಯಾರ."

"ಎಷ್ಟು ಮಂದಿ ಅದಾರಪಾ?"

"ಮೂರು ಮಂದಿ. ಒಂದು ಸೇಬರ್ ಐತಿ. ಅಲ್ಲೇ ಕ್ಲೋಕ್ ಹಾಕ್ಕೊಂಡು ಕುಂದರ‍್ರಿ, ನಾ ಹೇಳ್ತೀನಿ."

ಸೇಬರ್ ಅಂದರೆ ಬಬಲ್ ಹಾಕುವ ಹಡಗು. ಬಬಲ್ ಒಳಗೆ ಸಿಕ್ಕಿದರೆ ವಾರ್ಪ್, ಅಂದರೆ ದೂರಕ್ಕೆ ಒಮ್ಮೆಲೇ ಹಾರುವುದು, ಆಗುವುದಿಲ್ಲ. ನಲ್‌ಸೆಕ್ ಮತ್ತು ವರ್ಮ್‌ಹೋಲ್‌ನಲ್ಲಿ ಮಾತ್ರ ಇದು ಇರುತ್ತದೆ, ಲೋಸೆಕ್‌ನಲ್ಲಿ ಇಲ್ಲ. ಯಾರೂ ಜೊತೆಗಿಲ್ಲದಿದ್ದರೆ ನಕ್ಷೆಯಲ್ಲಿ ಕಳೆದ ಒಂದು ಗಂಟೆಯಲ್ಲಿ ಎಲ್ಲೆಲ್ಲಿ ಹಡಗು ಒಡೆದಿವೆ ಅಂತ ನೋಡಿ ದಾರಿ ಬದಲಿಸಬಹುದು.

ನೆಟ್ ಬಗ್ಗೆ ಹೆದರಬೇಕಿಲ್ಲ. ಸರ್ವರ್ ಸೆಕೆಂಡಿಗೆ ಒಮ್ಮೆ ಮಾತ್ರ ಲೆಕ್ಕ ಹಾಕುತ್ತದೆ, ಲಂಡನ್ ದೂರವಿದ್ದರೂ ಅಂಥ ತೊಂದರೆ ಇಲ್ಲ. ಕರೆಂಟ್ ಹೋದರೆ ಹಡಗು ತಾನೇ 10 ಲಕ್ಷ ಕಿಲೋಮೀಟರ್ ದೂರ ವಾರ್ಪ್ ಆಗಿ, ಹೊಡೆದಾಟ ಇಲ್ಲದಿದ್ದರೆ ಸ್ವಲ್ಪ ಹೊತ್ತಿಗೆ ಮಾಯವಾಗುತ್ತದೆ. ಯಾರಾದರೂ ಹೊಡೆಯುತ್ತಿದ್ದರೆ ಮಾತ್ರ 15 ನಿಮಿಷ ಅಲ್ಲೇ ಇರುತ್ತದೆ. ರೌಟರನ್ನೂ ಇನ್ವರ್ಟರ್‌ಗೆ ಜೋಡಿಸಿಬಿಡಿ.

ದೂರುಗಳೂ ಇವೆ. ಎಲ್ಲೂ ಕನ್ನಡ ಇಲ್ಲ, ಇಂಗ್ಲಿಷ್ ಕಷ್ಟ ಅನ್ನುವವರಿಗೆ ಮೊದಲ ತಿಂಗಳು ಬಹಳ ಭಾರ. ಅಕ್ಷರ ಸಣ್ಣದು, ಪರದೆ ತುಂಬ ಪಟ್ಟಿಗಳು. ಶುರುವಿನ ಪಾಠಗಳಲ್ಲಿ ಗುಂಡು ಹೊಡೆಯುವುದು ಕಲಿಸುತ್ತಾರೆ, ಡಿ-ಸ್ಕ್ಯಾನ್ ಓದುವುದನ್ನು ನೀವೇ ಕಲಿಯಬೇಕು. ಆ ಕೊರತೆಯನ್ನು ಆಟಗಾರರೇ ತುಂಬಿದ್ದಾರೆ. ಸಿಗ್ನಲ್ ಕಾರ್ಟೆಲ್ ಎಂಬ ಗುಂಪಿನವರು ವರ್ಮ್‌ಹೋಲ್‌ಗಳಲ್ಲಿ ಪ್ರೋಬ್ ಮತ್ತು ಲಾಂಚರ್ ಇರುವ ಪೆಟ್ಟಿಗೆಗಳನ್ನು ಇಟ್ಟಿರುತ್ತಾರೆ, ಒಳಗೆ ಸಿಕ್ಕಿಹಾಕಿಕೊಂಡವರು ಕೇಳಿದರೆ ದುಡ್ಡು ತೆಗೆದುಕೊಳ್ಳದೆ ಸಹಾಯ ಮಾಡುತ್ತಾರೆ. ಎಲ್ಲರೂ ಹೊಡೆಯುವ ಜಾಗದಲ್ಲಿ ಈ ಕೆಲಸ ಮಾಡುವವರ ಮೇಲೆ ನನಗೆ ದೊಡ್ಡ ಗೌರವ.

ದೊಡ್ಡ ದೂರು ದುಡ್ಡಿನದು. 2016ರ ನವೆಂಬರ್‌ನಿಂದ ಆಲ್ಫಾ ಅಂತ ಉಚಿತ ಖಾತೆ ಇದೆ, ಕಲಿಯಲು ಅದು ಸಾಕು. ಆದರೆ ಕ್ಲೋಕ್ ಹಾಕಿಕೊಂಡೇ ವಾರ್ಪ್ ಆಗುವ ಕವರ್ಟ್ ಆಪ್ಸ್ ಕ್ಲೋಕ್ ಅದರಲ್ಲಿ ಸಿಗುವುದಿಲ್ಲ. ಅದಕ್ಕೆ ದುಡ್ಡು ಕಟ್ಟುವ ಒಮೆಗಾ ಖಾತೆ ಬೇಕು. ಒಮೆಗಾ ತಿಂಗಳಿಗೆ 14.99 ಡಾಲರ್ ಇದ್ದದ್ದು 2022ರ ಮೇ ತಿಂಗಳಲ್ಲಿ 19.99 ಆಯಿತು. ಒಂದು ಆಟಕ್ಕೆ ಇದು ಜಾಸ್ತಿಯೇ. ಆಟದಲ್ಲಿ ದುಡಿದು, ಒಮೆಗಾಕ್ಕೆ ಕಟ್ಟಲು ಬರುವ ಪ್ಲೆಕ್ಸ್ ಎಂಬ ಸರಕನ್ನು 500 ಕೊಂಡೂ ಕಟ್ಟಬಹುದು, ಆದರೆ ಅದಕ್ಕೆ 200 ಕೋಟಿ ಇಸ್ಕ್‌ಗೂ ಜಾಸ್ತಿ ಬೇಕಾಗುತ್ತದೆ. ಹಾಗೆ ಕಟ್ಟಲು ಹೊರಟರೆ ಆಟ ಇನ್ನೊಂದು ನೌಕರಿ ಆಗುತ್ತದೆ, ಸಾಕು ಅಂದಲ್ಲಿ ತಿರುಗುವುದು ಕಷ್ಟವಾಗುತ್ತದೆ. ನಾನು ಮಾರ್ಚ್‌ನಿಂದ ಮೇವರೆಗೆ ಮಾತ್ರ ಒಮೆಗಾ ಹಾಕಿಸುತ್ತೇನೆ. ಜೂನ್ ಬಂದರೆ ಬಿತ್ತನೆ, ಅಂಗಡಿಯಲ್ಲಿ ಉಸಿರಾಡಲೂ ಬಿಡುವಿಲ್ಲ. ಆಗ ಆಲ್ಫಾದಲ್ಲೇ ಭಾನುವಾರಕ್ಕೊಮ್ಮೆ ಒಂದು ಹೆರನ್ ತೆಗೆದುಕೊಂಡು ಹತ್ತಿರದ ಲೋಸೆಕ್ ಸುತ್ತಿ ಬರುತ್ತೇನೆ. ಹೊಸಬರೂ ಅಲ್ಲಿಂದಲೇ ಶುರು ಮಾಡಿ, ಒಮೆಗಾಕ್ಕೆ ಅವಸರ ಬೇಡ.