ಮಂಡಗದ್ದೆ ಹತ್ತಿರದ ಬೈಕ್ ಗ್ಯಾರೇಜ್: ಮೀಟರ್ ಇಟ್ಟು ನೋಡದೆ ಯಾವ ಪಾರ್ಟೂ ಬದಲಿಸಲ್ಲ

ಶಿವಮೊಗ್ಗದಿಂದ ತೀರ್ಥಹಳ್ಳಿ, ಆಗುಂಬೆ ಕಡೆ ಬೈಕಲ್ಲಿ ಹೋಗೋರು ಈ ಜಾಗ ನೆನಪಿಟ್ಟುಕೊಳ್ಳಿ. ಮಂಡಗದ್ದೆ ಸಿಗೋಕೆ ಸ್ವಲ್ಪ ಮುಂಚೆ, ಹೈವೇ ಪಕ್ಕದಲ್ಲೇ, ತಗಡಿನ ಮಾಡಿನ ಒಂದು ಸಣ್ಣ ಗ್ಯಾರೇಜ್ ಇದೆ. ಬೋರ್ಡ್ ಇಲ್ಲ. ಹಳೇ ಟೈರುಗಳನ್ನು ಒಂದರ ಮೇಲೊಂದು ಪೇರಿಸಿಟ್ಟಿದ್ದಾರೆ, ಅದೇ ಗುರುತು. ಒಬ್ಬರೇ ಮೆಕ್ಯಾನಿಕ್, ಜೊತೆಗೆ ಕೆಲಸ ಕಲಿಯುವ ಒಬ್ಬ ಹುಡುಗ. ಬೈಕಿನ ವೈರಿಂಗ್ ಕೆಲಸವನ್ನು ಇಷ್ಟು ಸಮಾಧಾನದಿಂದ, ಇಷ್ಟು ಸರಿಯಾಗಿ ನೋಡುವವರನ್ನು ಪೇಟೆಯಲ್ಲೂ ನಾನು ಕಂಡಿಲ್ಲ.

ನಮ್ಮದು ತೀರ್ಥಹಳ್ಳಿ, ಆಗುಂಬೆ, ಹೆಬ್ರಿ ಮೇಲೆ ಉಡುಪಿಗೆ ಹೋಗುವ ಪ್ಲಾನ್. ನಾನು, ಹಿಂದೆ ಗೆಳೆಯ, ಮೇಲೆ ಬ್ಯಾಗುಗಳು. ಗಾಜನೂರು ದಾಟುವಷ್ಟರಲ್ಲಿ ಹಾರ್ನ್ ಸದ್ದು ಕುಗ್ಗಿತು. ಮೀಟರಿನ ಬೆಳಕು ಮಂಕಾಯಿತು. ಸಕ್ರೆಬೈಲಿನ ಆನೆ ಬಿಡಾರದ ಹತ್ತಿರ ಇಂಜಿನ್ನೇ ಆಫ್. ಶಿವಮೊಗ್ಗ ಬಿಟ್ಟು ಬರೀ 14 ಕಿ.ಮೀ. ಆಗಿತ್ತು ಅಷ್ಟೇ. ಸೆಲ್ಫ್ ಒತ್ತಿದರೆ ಟಿಕ್ ಟಿಕ್ ಅಂತ ರಿಲೇ ಸದ್ದು ಬಿಟ್ಟು ಇನ್ನೇನೂ ಇಲ್ಲ. ಆನೆ ಸ್ನಾನ ನೋಡೋಕೆ ಬಂದವರ ಕಾರುಗಳ ಸಾಲಿನ ಪಕ್ಕ ನಾವಿಬ್ಬರೂ ಬೈಕ್ ತಳ್ಳಿಕೊಂಡು ನಿಂತೆವು.

ಹಳೇ ಕಾರ್ಬುರೇಟರ್ ಬೈಕ್ ಆಗಿದ್ದರೆ ಕಿಕ್ ಹೊಡೆದೋ ತಳ್ಳಿಯೋ ಹೇಗೋ ಸ್ಟಾರ್ಟ್ ಮಾಡಬಹುದಿತ್ತು. ಇದು ಹೊಸ ಹೊಗೆ ನಿಯಮದ ಬಿಎಸ್6 ಬೈಕ್, ಇಂಜೆಕ್ಷನ್. ಟ್ಯಾಂಕಿನೊಳಗಿನ ಪಂಪ್ ಪೆಟ್ರೋಲ್ ತಳ್ಳೋಕೂ ಕರೆಂಟ್ ಬೇಕು, ಇಂಜಿನ್ ನಡೆಸುವ ಸಣ್ಣ ಕಂಪ್ಯೂಟರ್ ಇಸಿಯುಗೂ ಕರೆಂಟ್ ಬೇಕು, ಬ್ಯಾಟರಿ ಪೂರ್ತಿ ಕುಸಿದ ಮೇಲೆ ಎಷ್ಟು ತಳ್ಳಿದರೂ ಸುಮ್ನೆ ಸುಸ್ತು. ಸಾಲದ್ದಕ್ಕೆ 2017ರ ಏಪ್ರಿಲ್‌ನಿಂದ ಬಂದ ಹೊಸ ಬೈಕುಗಳಲ್ಲಿ ಇಂಜಿನ್ ಓಡುವಷ್ಟು ಹೊತ್ತೂ ಹೆಡ್‌ಲೈಟ್ ಉರಿಯುತ್ತಲೇ ಇರುತ್ತೆ, ಆರಿಸೋಕೆ ಸ್ವಿಚ್ಚೇ ಇಲ್ಲ. ಚಾರ್ಜಿಂಗ್ ಸ್ವಲ್ಪ ಕೈಕೊಟ್ಟರೂ ಬ್ಯಾಟರಿ ಬೇಗ ಖಾಲಿ.

ನನಗೆ ಸಿಟ್ಟು ಬಂದಿದ್ದು ಬೇರೆ ಕಾರಣಕ್ಕೆ. ಬೆಳಿಗ್ಗೆ ಹೊತ್ತು ಸೆಲ್ಫ್ ತಗೊಳ್ತಿಲ್ಲ ಅಂತ ಹೊರಡುವ ಮುಂಚೆಯೇ ಪೇಟೆಯ ಒಂದು ಸರ್ವಿಸ್ ಸೆಂಟರಿಗೆ ತೋರಿಸಿದ್ದೆ. "ಬ್ಯಾಟರಿ ಹೋಗಿದೆ ಸರ್" ಅಂದರು, ಹೊಸದು ಹಾಕಿದರು, ದುಡ್ಡು ತಗೊಂಡರು. ಬ್ಯಾಟರಿ ಯಾಕೆ ಹೋಯಿತು ಅಂತ ಯಾರೂ ನೋಡಲಿಲ್ಲ. ಇಂಜಿನ್ ಓಡುವಾಗ ಬ್ಯಾಟರಿಗೆ ಎಷ್ಟು ವೋಲ್ಟ್ ಬರ್ತಿದೆ ಅಂತ ಅಳೆಯೋಕೆ ಎರಡು ನಿಮಿಷ ಸಾಕು. ಅಷ್ಟೂ ಮಾಡದೆ ಸಾವಿರಾರು ರೂಪಾಯಿ ಬಿಲ್ ಮಾಡಿ, ದೂರದ ದಾರಿಗೆ ಹೊರಟಿದ್ದೇನೆ ಅಂತ ಹೇಳಿದ ಮೇಲೂ ಹಾಗೇ ಕಳಿಸೋದು ತಪ್ಪಲ್ವಾ? ಘಾಟಿಯಲ್ಲಿ ಕತ್ತಲಾದ ಮೇಲೆ ನಿಂತಿದ್ದರೆ?

ಸಹಾಯವಾಣಿಗೆ ಫೋನ್ ಮಾಡಿದರೆ ಗಾಡಿ ಬರೋದು ಮಧ್ಯಾಹ್ನ ಆಗುತ್ತೆ ಅಂದರು. ಅಷ್ಟರಲ್ಲಿ ಶಿವಮೊಗ್ಗದಲ್ಲಿ ಅಡಿಕೆ ಇಳಿಸಿ ಖಾಲಿ ವಾಪಸ್ ಹೋಗ್ತಿದ್ದ ಲಗೇಜ್ ಆಟೋದವರು ತಾವಾಗಿಯೇ ನಿಲ್ಲಿಸಿದರು. "ಎಂತ ಆಯ್ತು ಮಾರಾಯ್ರೆ? ಹತ್ತಿಸಿ. ಮಂಡಗದ್ದೆ ಹತ್ರ ಒಬ್ರಿದ್ದಾರೆ, ಕರೆಂಟ್ ಕೆಲಸ ಅವರಿಗೆ ಚೆನ್ನಾಗಿ ಗೊತ್ತು." ಅಲ್ಲಿದ್ದವರೆಲ್ಲ ಕೈ ಜೋಡಿಸಿ ಬೈಕ್ ಹತ್ತಿಸಿದರು. ಆಟೋದವರು ಆ ದಾರಿಯಲ್ಲೇ ಹೋಗುವವರಾದ್ದರಿಂದ ಡೀಸೆಲ್ ಖರ್ಚಷ್ಟೇ ತಗೊಂಡರು. ಇಂಥ ಜನ ಇರೋದಕ್ಕೇ ನಮ್ಮ ಕಡೆ ರಸ್ತೆಯಲ್ಲಿ ನಿಂತರೂ ಅಷ್ಟೇನೂ ಭಯ ಆಗಲ್ಲ.

ಇನ್ನು ಗ್ಯಾರೇಜ್ ವಿಷಯ. ಹೊಸ ಬ್ಯಾಟರಿ ಅಂತ ನಾನು ಹೇಳಿದೆ. ಅವರು ಹ್ಞೂಂ ಅಂದರು, ಆದರೆ ನಂಬಿಕೊಂಡು ಕೂರಲಿಲ್ಲ. ವೋಲ್ಟ್ ಅಳೆಯುವ ಮಲ್ಟಿಮೀಟರ್ ತಂದು ಇಟ್ಟರು: 11.4 ವೋಲ್ಟ್. ಪೂರ್ತಿ ಚಾರ್ಜ್ ಆದ ಬ್ಯಾಟರಿ 12.6ರ ಆಸುಪಾಸು ತೋರಿಸಬೇಕು. ಬಿಚ್ಚಿ ಚಾರ್ಜರಿಗೆ ಹಾಕಿ, "ಇದು ಸ್ವಲ್ಪ ಹೊತ್ತಾಗುತ್ತೆ, ಹಕ್ಕಿ ನೋಡ್ಕಂಡು ಬನ್ನಿ" ಅಂತ ನಮ್ಮನ್ನು ಕಳಿಸಿದರು. ಪಕ್ಷಿಧಾಮ ನಡೆದುಕೊಂಡು ಹೋಗುವಷ್ಟು ದೂರ. ಮಳೆಗಾಲ ಮುಗಿಯುತ್ತಾ ಬಂದಿತ್ತು, ತುಂಗೆಯ ನಡುವಿನ ಮರಗಳ ಮೇಲೆ ಬೆಳ್ಳಕ್ಕಿಗಳು ಇನ್ನೂ ಇದ್ದವು.

ವಾಪಸ್ ಬಂದ ಮೇಲೆ ಬ್ಯಾಟರಿ ಕೂರಿಸಿ ಸ್ಟಾರ್ಟ್ ಮಾಡಿದರು. ಮೀಟರ್ ಇಟ್ಟು ಹುಡುಗನಿಗೆ ರೇಸ್ ಕೊಡು ಅಂದರು. ಎಷ್ಟು ಕೊಟ್ಟರೂ 12.3 ದಾಟಲಿಲ್ಲ. 14ರ ಹತ್ತಿರ ಬರಬೇಕು, ಬರ್ತಿಲ್ಲ ನೋಡಿ ಅಂತ ನನಗೂ ತೋರಿಸಿದರು. ನಾನು ಹಾಕಿಸಿದ್ದ ಮೊಬೈಲ್ ಚಾರ್ಜರ್ ವೈರ್ ಕಳಚಿ ಮತ್ತೆ ನೋಡಿದರು, ಅದರದ್ದೇನೂ ತಪ್ಪಿರಲಿಲ್ಲ. ಆಮೇಲೆ ಸೈಡ್ ಕವರ್ ತೆಗೆದು ವೈರುಗಳನ್ನು ಒಂದೊಂದಾಗಿ ಬೆರಳಲ್ಲಿ ಮುಟ್ಟುತ್ತಾ ಹೋದರು. ಒಂದು ಕಡೆ ಬೆರಳು ನಿಂತಿತು. "ಇಲ್ಲಿದೆ."

ಇಂಜಿನ್ ತಿರುಗುವಾಗ ಕರೆಂಟ್ ಹುಟ್ಟಿಸುವ ಮ್ಯಾಗ್ನೆಟ್ ಕಾಯಿಲಿಂದ ಮೂರು ಹಳದಿ ವೈರ್ ಬಂದು, ಆ ಕರೆಂಟನ್ನು ಬ್ಯಾಟರಿಗೆ ಹೊಂದಿಸಿ ಕಳಿಸುವ ರೆಗ್ಯುಲೇಟರಿಗೆ ಸೇರುವ ಬಿಳಿ ಕಪ್ಲರ್ (ವೈರ್ ಜೋಡಿಸುವ ಪ್ಲಾಸ್ಟಿಕ್ ಕನೆಕ್ಟರ್) ಅದು. ಬಿಳಿ ಅನ್ನೋದು ಹೆಸರಿಗಷ್ಟೇ ಉಳಿದಿತ್ತು. ಒಂದು ಮೂಲೆ ಕಂದು ಬಣ್ಣಕ್ಕೆ ತಿರುಗಿ ಬೆಲ್ಲದ ಪಾಕದ ಹಾಗೆ ಕರಗಿ ಗಟ್ಟಿಯಾಗಿತ್ತು. ಎಳೆದು ಬಿಡಿಸಿದರೆ ಒಳಗೆ ಒಂದು ಪಿನ್ ಕಪ್ಪಾಗಿ ಪುಡಿ ಪುಡಿ, ಅದರ ಪಕ್ಕದ್ದಕ್ಕೆ ಹಸಿರು ಕಿಲುಬು. ಅವರು ವಿವರಿಸಿದ್ದು ಇಷ್ಟು: ಮಳೆ ನೀರೋ, ವಾಟರ್ ಸರ್ವಿಸ್ ಮಾಡುವಾಗ ಜೋರಾಗಿ ಹೊಡೆದ ನೀರೋ ಒಳಗೆ ಹೋಗುತ್ತೆ, ಪಿನ್ ಕಿಲುಬು ಹಿಡಿಯುತ್ತೆ, ಹಿಡಿತ ಸಡಿಲ ಆದ ಜಾಗದಲ್ಲಿ ಬಿಸಿ ಏಳುತ್ತೆ, ಬಿಸಿಗೆ ಪ್ಲಾಸ್ಟಿಕ್ ಮೆತ್ತಗಾಗಿ ಪಿನ್ ಇನ್ನೂ ಸಡಿಲ ಆಗುತ್ತೆ. ಆಗುಂಬೆ ಕಡೆ ವರ್ಷಕ್ಕೆ 7,000 ಮಿ.ಮೀ.ಗೂ ಹೆಚ್ಚು ಮಳೆ ಬೀಳೋ ಸೀಮೆಯಿದು, ಇಲ್ಲಿ ಓಡಿಸೋರು ಬ್ಯಾಟರಿಗಿಂತ ಮೊದಲು ಈ ಕಪ್ಲರ್ ನೋಡಿಸಬೇಕು.

ಅಲ್ಲಿಗೂ ಬಿಡಲಿಲ್ಲ. ಸುಟ್ಟ ಭಾಗ ಕತ್ತರಿಸಿ, ಮೂರು ಹಳದಿ ವೈರುಗಳಲ್ಲಿ ಎರಡೆರಡರ ಮಧ್ಯೆ ಇಂಜಿನ್ ಓಡಿಸಿ ಎಸಿ ವೋಲ್ಟ್ ಅಳೆದರು. ಮೂರು ಜೋಡಿಯಲ್ಲೂ ಹತ್ತಿರ ಹತ್ತಿರ ಒಂದೇ ಬಂತು. ಇಂಜಿನ್ ನಿಲ್ಲಿಸಿ, ಯಾವುದಾದರೂ ವೈರ್ ಬೈಕಿನ ಲೋಹದ ಚೌಕಟ್ಟಿಗೆ ತಾಗಿ ಅರ್ಥ್ ಆಗಿದೆಯಾ ಅಂತಲೂ ನೋಡಿದರು, ಆಗಿರಲಿಲ್ಲ. ಅಂದರೆ ಕಾಯಿಲ್ ಸರಿ ಇದೆ, ಬಿಚ್ಚಬೇಕಾಗಿಲ್ಲ. ಬೇರೆಯವರಾಗಿದ್ದರೆ ಕಾಯಿಲ್ಲೂ ರೆಗ್ಯುಲೇಟರ್ರೂ ಎರಡೂ ಹೊಸದು ಅಂದುಬಿಡಬಹುದಿತ್ತು, ಆ ಹೊತ್ತಲ್ಲಿ ನಾನೂ ಒಪ್ಪಿಕೊಳ್ತಿದ್ದೆ. ಇವರು ತಂತಿ ಹೊಳೆಯೋವರೆಗೆ ಕೆರೆದು, ಬೆಸುಗೆ ಹಾಕಿ, ಒಂದೊಂದಕ್ಕೂ ಬೇರೆ ಬೇರೆ ಸ್ಲೀವ್ ತೊಡಿಸಿ, ಬಿಸಿ ಮಾಡಿ ಬಿಗಿ ಮಾಡಿದರು. ಮತ್ತೆ ರೇಸ್ ಕೊಟ್ಟರೆ 14.2. ಹೆಡ್‌ಲೈಟ್ ಬೆಳಕೇ ಬೇರೆ ಆಗಿತ್ತು.

ಒಟ್ಟು 450 ರೂಪಾಯಿ, ಬ್ಯಾಟರಿ ಚಾರ್ಜ್ ಮಾಡಿದ್ದೂ ಸೇರಿ. ಜಾಸ್ತಿ ಕೊಡೋಕೆ ಹೋದರೆ ಬೇಡ ಅಂದರು. ಊರಿಗೆ ಹೋದ ಮೇಲೆ ಒಳ್ಳೇ ಕಪ್ಲರ್ ತರಿಸಿ ಹಾಕಿಸಿಕೊಳ್ಳಿ, ಬೆಸುಗೆ ಹಾಕಿದ್ದನ್ನ ಮುಂದೆ ಬಿಚ್ಚೋದು ಕಷ್ಟ ಅಂತ ಅವರೇ ಹೇಳಿದರು. ತಾವು ಮಾಡಿದ ಕೆಲಸದಲ್ಲಿ ಏನು ಕಮ್ಮಿ ಇದೆ ಅಂತ ಕೇಳದೇ ಹೇಳಿದ್ದು ನನಗೆ ತುಂಬಾ ಹಿಡಿಸಿತು. ಆಗುಂಬೆಯ 14 ತಿರುವುಗಳನ್ನೂ ಇಳಿದು, ಉಡುಪಿ ನೋಡಿಕೊಂಡು ವಾಪಸ್ ಬರೋವರೆಗೂ ಬೈಕ್ ಒಂದು ಸಲವೂ ತೊಂದರೆ ಕೊಡಲಿಲ್ಲ.

ಕೊರತೆಗಳೂ ಇವೆ. ಅವಸರದವರಿಗೆ ಈ ಜಾಗ ಅಲ್ಲ, ಕೈಯಲ್ಲಿರೋ ಕೆಲಸ ಮುಗಿಯದೆ ಇನ್ನೊಂದನ್ನು ಮುಟ್ಟಲ್ಲ. ಕೂರೋಕೆ ಒಂದು ಬೆಂಚು, ಅದೂ ಮಾಡಿನ ಹೊರಗೆ, ಮಳೆ ಬಂದರೆ ನಿಂತೇ ಇರಬೇಕು. ದೊಡ್ಡ ಬೈಕುಗಳ ಪಾರ್ಟ್ ಇಟ್ಟಿರಲ್ಲ, ಚೈನ್ ಸೆಟ್ಟೋ ಕ್ಲಚ್ ಪ್ಲೇಟೋ ಬೇಕಂದರೆ ಶಿವಮೊಗ್ಗದಿಂದ ತರಿಸಬೇಕು. ಬಿಲ್ ಕೊಡಲ್ಲ. ಕೆಲಸದ ಮಧ್ಯೆ ಫೋನ್ ಎತ್ತಲ್ಲ, ನೇರ ಹೋಗೋದೇ ಸರಿ. ಸ್ಕ್ಯಾನ್ ಮಾಡಿ ದುಡ್ಡು ಕೊಡಬಹುದು, ಆದರೆ ನೆಟ್‌ವರ್ಕ್ ನಂಬೋ ಹಾಗಿಲ್ಲ. ಜೇಬಲ್ಲಿ ನಗದು ಇಟ್ಕೊಂಡು ಹೋಗಿ.