ಮುದಿ ನಾಯಿಯ ಹಾರ್ಮೋನ್ ತಪಾಸಣೆ: ಕಲಬುರಗಿಯ ಒಂದು ಕ್ಲಿನಿಕ್ ಪ್ಯಾಕೇಜ್
ಎಂಟು ದಾಟಿದ ನಾಯಿಗಳಿಗೆಂದೇ ನಗರದ ಖಾಸಗಿ ಕ್ಲಿನಿಕ್ಕೊಂದು ಕೊಡುವ ಪ್ಯಾಕೇಜ್ ಇದು. ವೈದ್ಯರ ತಪಾಸಣೆ ಚೆನ್ನಾಗಿದೆ, ಲ್ಯಾಬ್ ಮಾತ್ರ ಕೈಕೊಡುತ್ತದೆ.

ಮೊದಲು ಕೇಳುವುದೇ ನೀರಿನ ಲೆಕ್ಕ. ನಮ್ಮ ಬಿಸಿಲಿಗೆ ನಾಯಿ ಕುಡಿದೇ ಕುಡಿಯುತ್ತದೆ ಅಂತ ಮನೆಯವರು ಸುಮ್ಮನಿರುತ್ತಾರೆ. ಆದರೆ 20 ಕೆ.ಜಿ. ನಾಯಿ ದಿನಕ್ಕೆ ಎರಡು ಲೀಟರ್ ಮೀರಿದರೆ ಕುಶಿಂಗ್ಸ್ (ಮೈಯಲ್ಲಿ ಕಾರ್ಟಿಸಾಲ್ ಹಾರ್ಮೋನ್ ಹೆಚ್ಚಾಗುವ ಕಾಯಿಲೆ), ಸಕ್ಕರೆ ಕಾಯಿಲೆ, ಕಿಡ್ನಿ ಮೂರನ್ನೂ ನೋಡಬೇಕು. ಜೋತ ಹೊಟ್ಟೆ, ಎರಡೂ ಪಕ್ಕೆಯಲ್ಲಿ ಒಂದೇ ಸಮ ಉದುರಿದ ಕೂದಲು, ತೆಳು ಚರ್ಮ ಇದ್ದರೆ ಕುಶಿಂಗ್ಸ್ ಶಂಕೆ ಹೆಚ್ಚು. ಊಟ ಹೆಚ್ಚದೆ ಮೈ ಬಂದು ಬಾಲ ಬೋಳಾದರೆ ಥೈರಾಯ್ಡ್ ನೋಡಿಸಿ.

ತಕರಾರು ಇಷ್ಟು: ರಕ್ತ ಹೋಗುವುದು ಮನುಷ್ಯರ ಲ್ಯಾಬಿಗೆ. ಥೈರಾಯ್ಡ್ ಹಾರ್ಮೋನ್ ಟಿ4 ಡೆಸಿಲೀಟರ್‌ಗೆ 2.1 ಮೈಕ್ರೋಗ್ರಾಂ ಬಂದರೆ ವರದಿಯಲ್ಲಿ ‘ಕಡಿಮೆ’ ಎಂದು ಅಚ್ಚಾಗುತ್ತದೆ. ನಾಯಿಗೆ ಅದು ಮಾಮೂಲು. ಮನುಷ್ಯರ ಟಿಎಸ್‌ಎಚ್ (ಥೈರಾಯ್ಡನ್ನು ಪ್ರಚೋದಿಸುವ ಹಾರ್ಮೋನ್) ಕಿಟ್ ನಾಯಿಯದನ್ನು ಹಿಡಿಯುವುದೇ ಇಲ್ಲ, ಆ ದುಡ್ಡು ದಂಡ. ಕುಶಿಂಗ್ಸ್‌ಗೆ ಕಾರ್ಟಿಸಾಲ್ ಒಂದೇ ಸಲ ನೋಡಿ ಮುಗಿಸುತ್ತಾರೆ. ಡೆಕ್ಸಾಮೆಥಾಸೋನ್ (ಒಂದು ಸ್ಟೀರಾಯ್ಡ್) ಕೊಟ್ಟು 0, 4, 8ನೇ ಗಂಟೆಯ ಸ್ಯಾಂಪಲ್ ತೆಗೆಯುವಂಥ ಪರೀಕ್ಷೆ ಇಲ್ಲದೆ ಏನೂ ತಿಳಿಯದು.

ತಪಾಸಣೆ, ಮೂತ್ರ ಪರೀಕ್ಷೆ ಇಲ್ಲೇ ಮಾಡಿಸಿ. ಸೀರಂ (ರಕ್ತದಿಂದ ಬೇರ್ಪಡಿಸಿದ ತಿಳಿ ದ್ರವ) ಪಶು ಲ್ಯಾಬಿಗೇ ಹೋಗಲಿ ಎಂದು ಪಟ್ಟು ಹಿಡಿಯಿರಿ. ತುರಿಕೆಗೆ ಸ್ಟೀರಾಯ್ಡ್ ಕೊಟ್ಟಿದ್ದರೆ ಮೊದಲೇ ಹೇಳಿಬಿಡಿ, ಅದರಿಂದಲೂ ಟಿ4 ಇಳಿಯುತ್ತದೆ.